ಇಲಿಯ ಕಿವಿ ಅಳೆದ ಎನಿಡ್

ನಮ್ಮ ಮೆಡಿಕಲ್ ಕಾಲೇಜಿಗೆ ನೂರು ವರ್ಷ ತುಂಬಿತು ಅಂತ ದಪ್ಪನೆಯ ಪುಸ್ತಕ ತಂದಿದ್ದಾರೆ. ಅದರಲ್ಲಿ ಹಳೆಯ ಪ್ರೊಫೆಸರೊಬ್ಬರ ನಾಯಿಗೆ ಅರ್ಧ ಪುಟ ಇದೆ, ಫೋಟೋ ಸಮೇತ. ಎನಿಡ್ ಹಾಕೆಟ್‌ಗೆ ಒಂದು ಸಾಲೂ ಇಲ್ಲ. ಇಪ್ಪತ್ತಾರು ವರ್ಷ ಆ ಕಟ್ಟಡದ ಐದನೇ ಮಹಡಿಯಲ್ಲಿ ಕೂತು ಇಲಿಗಳ ಕಿವಿ ಅಳೆದವಳು ಅವಳು. ಪುಸ್ತಕ ತಿರುವಿ ಹಾಕಿ ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ತೀರಿಕೊಂಡು ಎರಡು ವರ್ಷವಾಯಿತು, ಇನ್ನು ನಾನು ಯಾರಿಗೆ ಹೆದರಬೇಕು? ಹೇಳಿಯೇ ಬಿಡುತ್ತೇನೆ. ಕೇಳೋರು ಕೇಳಿ, ಬಿಡೋರು ಬಿಡಿ.

ನಾನು ಐವಿ ಬ್ರೆಂಟ್. ಆ ಮಹಡಿಯಲ್ಲಿ ಇಲಿ ಬೋನು ತೊಳೆಯೋ ಕೆಲಸಕ್ಕೆ ಸೇರಿದವಳು. ಮರದ ಹೊಟ್ಟು ಹಾಕೋದು, ನೀರಿನ ಬಾಟಲಿ ತುಂಬೋದು, ಸತ್ತವನ್ನು ಎತ್ತಿ ಹಾಕೋದು. ಥೇಮ್ಸ್ ನದಿಯ ದಕ್ಷಿಣ ದಂಡೆಯ ಬಸ್ಸಿನಲ್ಲಿ ನಾನು ಹತ್ತಿದರೆ ಪಕ್ಕದವರು ಮೂಗು ತಿರುಗಿಸೋರು. ಇಲಿ ವಾಸನೆ ಹಾಗೆ, ಎಷ್ಟು ಸೋಪು ಉಜ್ಜಿದರೂ ಹೋಗಲ್ಲ. ಎನಿಡ್ ಮೇಲೂ ಅದೇ ವಾಸನೆ. "ನಮ್ಮಿಬ್ಬರಿಗೂ ಯಾವ ಬಸ್ಸಲ್ಲೂ ಸೀಟು ಗ್ಯಾರಂಟಿ ಕಣೇ ಐವಿ, ಹತ್ರ ಬರೋ ಧೈರ್ಯ ಯಾರಿಗಿದೆ?" ಅಂತ ನಗೋಳು.

ಅವಳ ಕೆಲಸ ಏನು ಅಂತ ಹೇಳಬೇಕು, ಇಲ್ಲದಿದ್ದರೆ ಅವಳಿಗಾದ ಅನ್ಯಾಯ ಅರ್ಥವಾಗಲ್ಲ. ಬಿಳಿ ಇಲಿಯ ಹೊಟ್ಟೆಯ ಕೂದಲು ಬೋಳಿಸಿ ಒಂದು ಹಳದಿ ಮದ್ದು ಬಳಿಯುತ್ತಾರೆ. ಅವತ್ತು ಏನೂ ಆಗಲ್ಲ, ಇಲಿ ತನ್ನ ಪಾಡಿಗೆ ತಿಂದುಕೊಂಡಿರುತ್ತೆ. ಆದರೆ ಅದರ ಮೈ ಒಳಗೊಳಗೇ ಆ ಮದ್ದಿನ ಮೇಲೆ ಹಗೆ ಕಟ್ಟಿಕೊಳ್ಳುತ್ತೆ. ಏಳು ದಿನ ಬಿಟ್ಟು ಅದೇ ಮದ್ದನ್ನು ಒಂದು ತೊಟ್ಟು ಕಿವಿಗೆ ಹಚ್ಚಿದರೆ ಮಾರನೇ ದಿನ ಕಿವಿ ಊದಿಕೊಳ್ಳುತ್ತೆ. ಎಷ್ಟು ಅಂತೀರಿ? ಒಂದು ಕೂದಲೆಳೆಯಷ್ಟು. ಆ ಎಳೆಯ ಮೇಲೆ ಪ್ರೊಫೆಸರುಗಳ ಬಾಳೆಲ್ಲ ನಿಂತಿರುತ್ತೆ.

ಅಳೆಯೋಕೆ ಸ್ಪ್ರಿಂಗ್ ಇರೋ ಸಣ್ಣ ಗೇಜು. ಗಟ್ಟಿಯಾಗಿ ಒತ್ತಿದರೆ ಕಿವಿಯ ನೀರು ಇಳಿದು ಕಡಿಮೆ ತೋರಿಸುತ್ತೆ, ಸಡಿಲ ಹಿಡಿದರೆ ಹೆಚ್ಚು ತೋರಿಸುತ್ತೆ. ಓದಿದ ಡಾಕ್ಟರುಗಳು ಅಳೆದರೆ ಒಂದೇ ಕಿವಿ ಮೂರು ಸಲ ಮೂರು ಥರ. ಎನಿಡ್ ಅಳೆದರೆ ಹತ್ತು ಸಲಕ್ಕೂ ಒಂದೇ ಸಂಖ್ಯೆ. ಹೊರಗಿನವರು ನೋಡೋಕೆ ಬಂದಾಗ ಪ್ರೊಫೆಸರ್ ಕ್ರಾನ್‌ಶಾ ಹೇಳೋರು: "ಎನಿಡ್ ಅಳೆದ ಮೇಲೆ ಮತ್ತೆ ಅಳೆಯೋ ಪದ್ಧತಿ ನಮ್ಮಲ್ಲಿಲ್ಲ." ಅವಳು ತಲೆ ಎತ್ತುತ್ತಿರಲಿಲ್ಲ, ಆದರೆ ಕತ್ತು ಕೆಂಪಾಗೋದು. ಗಂಡ ಇಲ್ಲ, ಮಕ್ಕಳಿಲ್ಲ. ಒಂದು ಬಾಡಿಗೆ ಕೋಣೆ, ಸೌತೆಂಡ್‌ನಲ್ಲಿ ಒಬ್ಬ ಅಕ್ಕ, ಮತ್ತೆ ಈ ಹೆಸರು. ಅಷ್ಟೇ ಅವಳ ಆಸ್ತಿ.

ಇನ್ನೊಂದು ಪದ್ಧತಿ ಇತ್ತು. ಯಾವ ಇಲಿಗೆ ಏನು ಮಾಡಿದ್ದಾರೆ ಅಂತ ಅಳೆಯೋರಿಗೆ ಗೊತ್ತಾಗಬಾರದು. ಗೊತ್ತಾದರೆ ಮನಸ್ಸು ಬೇಕಾದ ಕಡೆ ವಾಲುತ್ತೆ, ಮನಸ್ಸಿನ ಹಿಂದೆ ಕೈ ಹೋಗುತ್ತೆ. ಗುರುತಿಗೆ ಕಿವಿ ತೂತು ಮಾಡೋ ಹಾಗಿಲ್ಲ, ಕಿವಿಯನ್ನೇ ಅಳೀಬೇಕಲ್ಲ! ಹಾಗಾಗಿ ಬಾಲಕ್ಕೆ ಬಣ್ಣದ ಪಟ್ಟೆ. ನಾನು ಇಲಿಯನ್ನು ಒಂದು ಬಟ್ಟೆಯಲ್ಲಿ ಸುತ್ತಿ, ಬಾಲ ಒಳಗೆ ಮುಚ್ಚಿ, ತಲೆ ಮಾತ್ರ ಹೊರಗೆ ಬಿಟ್ಟು ಅವಳ ಮುಂದೆ ಹಿಡಿಯಬೇಕು. ಅವಳು ಅಳೆದು ಸಂಖ್ಯೆ ಹೇಳೋಳು. ನಾನು ಪಕ್ಕಕ್ಕೆ ಹೋಗಿ ಬಾಲ ನೋಡಿ ಬರೆದುಕೊಳ್ಳೋಳು. ಒಂಬತ್ತು ವರ್ಷ ಹಾಗೇ ಮಾಡಿದೆವು. ಆ ಬಟ್ಟೆಯ ವಿಷಯದಲ್ಲಿ ಎನಿಡ್ ರಾಕ್ಷಸಿ. ಒಂದು ದಿನ ನಾನು ಸೀನಿದೆ. ತಕ್ಷಣ ಅವಳು ಕಣ್ಣು ಮುಚ್ಚಿಕೊಂಡಳು. "ಮೊದ್ಲು ಬಟ್ಟೆ ಸರಿ ಮಾಡ್ಕೊ ಮಾರಾಯ್ತಿ, ಆಮೇಲೆ ಮೂಗು ಒರೆಸ್ಕೊ." ಬಟ್ಟೆ ಜಾರಿರಲಿಲ್ಲ, ಆದರೂ.

ಆಟವೇ ಅಂತ ಒಬ್ಬ ಡಾಕ್ಟರು ಬಂದ. ಆಟವೇ ಅಂದರೆ ಅವನ ಮನೆತನದ ಹೆಸರು, ನೆವಿಲ್ ಆಟವೇ. ಮೂವತ್ತರ ಪ್ರಾಯ, ಶೂ ಕನ್ನಡಿ ಹಾಗೆ ಹೊಳೆಯೋದು, ನಮ್ಮಂಥವರ ಜೊತೆ ಮಾತಾಡುವಾಗ ಗೋಡೆ ಗಡಿಯಾರ ನೋಡೋನು. ಮೈ ಹಗೆ ಕಟ್ಟಿಕೊಳ್ಳದ ಹಾಗೆ ತಡೆಯೋ ಜೀವಕೋಶಗಳಿವೆ ಅಂತ ಆ ಕಾಲದಲ್ಲಿ ಎಲ್ಲರೂ ಹುಡುಕುತ್ತಿದ್ದರು. ಇವನು ಮಾಡಿದ್ದಿಷ್ಟು: ಕೆಲವು ಇಲಿಗಳಿಗೆ ಮೊದಲು ಅದೇ ಜಾತಿಯ ಮದ್ದಿನ ಸೂಜಿ ಚುಚ್ಚಿ, ಆಮೇಲೆ ಹಳದಿ ಮದ್ದು ಬಳಿದು, ಅವುಗಳ ಮೈ ಸುಮ್ಮನಿರೋ ಹಾಗೆ ಪಳಗಿಸೋದು. ಆಮೇಲೆ ಅವನ್ನು ಕೊಂದು, ಹೊಟ್ಟೆಯೊಳಗಿನ ಗುಲ್ಮ ಅನ್ನೋ ಅಂಗ ತೆಗೆದು, ಅದರ ಜೀವಕೋಶಗಳನ್ನು ಬೇರೆ ಇಲಿಗೆ ಕೊಡೋದು. ಕೊಟ್ಟರೆ, ಆಮೇಲೆ ಮದ್ದು ಬಳಿದರೂ ಆ ಇಲಿಯ ಕಿವಿಯೂ ಊದಲ್ಲ! ಅದೂ ಒಂದು ಚಿಟಿಕೆಯಷ್ಟು ಜೀವಕೋಶ ಸಾಕಂತೆ. ಚರ್ಮದ ಕಾಯಿಲೆಗೆ ಮದ್ದು ಸಿಕ್ಕಂಗೇ ಅಂತ ಪತ್ರಿಕೆಯವರು ಬಂದರು, ಪ್ರೊಫೆಸರ್ ವಿಮಾನ ಹತ್ತಿ ಊರೂರು ಭಾಷಣಕ್ಕೆ ಹೊರಟರು.

ಸಂಖ್ಯೆ ಎಲ್ಲ ಎನಿಡ್‌ದು. ಒಂದೂ ಸುಳ್ಳಲ್ಲ. ಕಿವಿ ನಿಜಕ್ಕೂ ಊದುತ್ತಿರಲಿಲ್ಲ.

ಈಗ ತಪ್ಪು ಎಲ್ಲಿ ನುಸುಳಿತು ಅಂತ ಹೇಳ್ತೀನಿ, ಇಲಿ ಸಾಕದವರ ತಲೆಗೆ ಇದು ಹೊಳೆಯಲ್ಲ. ಗಂಡಿಲಿಗಳನ್ನು ದೊಡ್ಡವಾದ ಮೇಲೆ ಹೊಸ ಬೋನಿಗೆ ಬೆರೆಸಿದರೆ ಕಚ್ಚಾಡುತ್ತವೆ, ಕಚ್ಚೋದೂ ಕಿವಿಯನ್ನೇ. ಕಚ್ಚಿದ ಕಿವಿ ಅಳೆದು ಏನು ಉಪಯೋಗ? ಅದಕ್ಕೆ ತಾಯಿ ಹಾಲು ಬಿಟ್ಟಾಗಿನಿಂದ ಒಟ್ಟಿಗಿದ್ದವನ್ನು ಕೊನೆವರೆಗೂ ಅಗಲಿಸಬಾರದು ಅಂತ ನಮ್ಮ ಮಹಡಿಯ ಕಟ್ಟಪ್ಪಣೆ. ಆಟವೇ ಅದನ್ನೇ ಪಾಲಿಸಿದ. ಮದ್ದು ಬಳಿಸಿಕೊಂಡು ಪಳಗಿದ ಇಲಿಯೂ, ಮುಂದೆ ಅದರ ಜೀವಕೋಶ ಪಡೆಯಬೇಕಾದ ಇಲಿಯೂ ಒಂದೇ ಬೋನಿನಲ್ಲಿ. ಬಾಲದ ಬಣ್ಣ ಮಾತ್ರ ಬೇರೆ. ಜೀವಕೋಶ ಕೊಡದೆ ಹೋಲಿಸಿ ನೋಡೋ ಇಲಿಗಳದು ಬೇರೆಯೇ ಬೋನು.

ಎರಡು ದಿನಕ್ಕೊಮ್ಮೆ ಕರೆಂಟು ತೆಗೆಯುತ್ತಿದ್ದ ಚಳಿಗಾಲ ಅದು. ಬೋನುಗಳನ್ನೆಲ್ಲ ಬಿಸಿನೀರಿನ ಕೊಳವೆಯ ಹತ್ತಿರ ಹೊತ್ತು ತರುತ್ತಿದ್ದೆವು. ಎನಿಡ್ ಒಂದು ಬೋನನ್ನು ಕಿಟಕಿ ಬೆಳಕಿಗೆ ಹಿಡಿದು ನಿಂತಳು.

"ಐವಿ, ಬಾ ಇಲ್ಲಿ. ಇದರ ಮೀಸೆ ನೋಡು."

"ಏನೇ ಅದು, ಹಳದಿ?"

"ಇದಕ್ಕೆ ಇನ್ನೂ ಮದ್ದೇ ಬಳಿದಿಲ್ಲ. ಅದರ ಜೊತೆಯವನಿಗೆ ನಿನ್ನೆ ಬಳಿದಿದ್ದು. ರಾತ್ರಿಯೆಲ್ಲ ಅವನ ಹೊಟ್ಟೆ ನೆಕ್ಕಿದೆ ಇದು." ಬೋನು ಕೆಳಗಿಟ್ಟಳು. "ಅಯ್ಯೋ ದೇವ್ರೇ. ಇದೇ ಕಣೇ ಸಮಾಚಾರ."

ನನಗೆ ತಲೆಬುಡ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಆ ಮದ್ದು ಚರ್ಮಕ್ಕೆ ತಾಗಿದರೆ ಮೈ ಸಿಡಿಯುತ್ತೆ. ಅದೇ ಮೊದಲು ಬಾಯಿಯ ಮೂಲಕ ಹೊಟ್ಟೆಗೆ ಹೋದರೆ, ಮೈ ಅದನ್ನು ಅನ್ನ ನೀರಿನ ಹಾಗೆ ತನ್ನದು ಅಂದುಕೊಂಡು ಸುಮ್ಮನಾಗಿಬಿಡುತ್ತೆ. ಇದು ಹಳೇ ವಿಷಯ, ಆಟವೇಗೂ ಗೊತ್ತಿದ್ದದ್ದೇ. ಹಾಗಿದ್ದಮೇಲೆ ಈ ಇಲಿಗಳ ಕಿವಿ ಊದದೇ ಇರೋದು ಯಾರ ಜೀವಕೋಶದಿಂದಲೂ ಅಲ್ಲ. ನೆಕ್ಕಿದ್ದರಿಂದ!

ಬಾಯಿ ಮಾತಿಗೆ ಬೆಲೆ ಇಲ್ಲ ಅಂತ ಅವಳಿಗೆ ಗೊತ್ತಿತ್ತು. ಅಂಥ ಬೋನುಗಳಲ್ಲಿ ಉಳಿದು, ಯಾವ ಜೀವಕೋಶವನ್ನೂ ಪಡೆಯದೆ ಬಿಸಾಡಬೇಕಾಗಿದ್ದ ಆರು ಇಲಿಗಳನ್ನು ಎತ್ತಿಟ್ಟಳು. ಹೊಟ್ಟೆಗೆ ಬಳಿದಳು, ಏಳು ದಿನ ಕಾದಳು, ಕಿವಿಗೆ ಹಚ್ಚಿದಳು. ಬೇರೆ ಇಲಿಗಳ ನಡುನಡುವೆ, ಬಟ್ಟೆಯಲ್ಲಿ ಸುತ್ತಿ ಕೊಡು ಅಂದಳು. ಕೊಟ್ಟೆ. ಆರಕ್ಕೆ ಆರೂ ಊದಿರಲಿಲ್ಲ.

ಕಾಗದ ಹಿಡಿದು ಆಟವೇ ಕೋಣೆಗೆ ಹೋದಳು. ನಾನು ಬಾಗಿಲ ಹೊರಗೆ ಬೋನಿನ ಗಾಡಿ ಹಿಡಿದು ನಿಂತಿದ್ದೆ, ಎಲ್ಲ ಕೇಳಿಸಿತು.

"ಆರು ಇಲಿ! ಎನಿಡ್, ಆರು ಇಲಿ ಅಂದ್ರೆ ಗಾಳಿಸುದ್ದಿ."

"ಅರವತ್ತು ಕೊಡಿ ಡಾಕ್ಟ್ರೇ, ಅರವತ್ತನ್ನೂ ಅಳೀತೀನಿ. ಬೇರೆ ಬೇರೆ ಬೋನಲ್ಲಿ ಇಟ್ಟು ಒಂದ್ಸಲ ನೋಡಿ, ಅಷ್ಟೇ ನಾ ಕೇಳೋದು."

"ಕಚ್ಚಾಡ್ತವೆ ಅಂತ ನಿಯಮ ಮಾಡಿದ್ದು ನೀವುಗಳೇ ಅಲ್ವಾ?"

"ಹೌದು, ಕಚ್ಚಾಡ್ತವೆ. ಅದಕ್ಕೆ ಒಂದೊಂದನ್ನೇ ಇಡೋಣ."

"ನಿನ್ನ ಕೆಲಸ ಅಳೆಯೋದು, ಎನಿಡ್. ಯೋಚನೆ ಮಾಡೋಕೆ ನನಗೆ ಸಂಬಳ ಕೊಡ್ತಾರೆ."

ಪ್ರೊಫೆಸರ್ ಹತ್ತಿರವೂ ಹೋದಳು. ಅವರು ಪೆಟ್ಟಿಗೆ ಕಟ್ಟುತ್ತಿದ್ದರು. "ಬಂದ ಮೇಲೆ ನೋಡೋಣ ಕಣಮ್ಮ" ಅಂದರು. ಬಂದರು. ನೋಡಲಿಲ್ಲ.

ಅಷ್ಟರಲ್ಲಿ ಅವಳ ಕೈ ಕೆಟ್ಟಿತು. ಇಷ್ಟೂ ವರ್ಷ ಆ ಹಳದಿ ಮದ್ದು ಬಳಿದ ಕೈ. ಗ್ಲೌಸು ಹಾಕಿಕೊಂಡರೂ ಅದು ರಬ್ಬರು ದಾಟಿ ಬರುತ್ತೆ. ಮೊದಲು ಬೆರಳ ಸಂದಿಯಲ್ಲಿ ತುರಿಕೆ, ಆಮೇಲೆ ಗುಳ್ಳೆ, ಆಮೇಲೆ ಮೊಣಕೈವರೆಗೂ ಕೆಂಪಗೆ ಬಿರಿದುಹೋಯಿತು. ಯಾರೋ ಆ ಕೋಣೆಯಲ್ಲಿ ಬಾಟಲಿ ತೆರೆದರೆ ಸಾಕು, ಅವಳ ಕಣ್ಣರೆಪ್ಪೆ ಮಾರನೇ ದಿನ ಊದಿಕೊಳ್ಳೋದು. ಚಹಾ ಕುಡಿಯುವಾಗ ಆಟವೇ ಎಲ್ಲರೆದುರಿಗೂ ತಮಾಷೆ ಮಾಡಿದ: "ನಮ್ಮ ಎನಿಡ್ ಅತ್ಯುತ್ತಮ ಇಲಿ. ಇವಳ ಕಿವಿಯನ್ನೂ ಅಳೀಬೇಕು." ಎಲ್ಲ ನಕ್ಕರು. ನಾನೂ ನಕ್ಕೆ. ಎನಿಡ್ ಬಿಸ್ಕತ್ತು ಚಹಾಕ್ಕೆ ಅದ್ದಿಕೊಂಡು ಹೇಳಿದಳು: "ಅಳೀರಿ ಡಾಕ್ಟ್ರೇ, ಆದ್ರೆ ನಿಮ್ಮ ಕೈಲಿ ಆಗಲ್ಲ, ಮೂರು ಸಲ ಮೂರು ಥರ ಬರುತ್ತೆ." ಆಗ ಅವನು ನಗಲಿಲ್ಲ.

ಅಷ್ಟಾದರೂ ಗೇಜು ಹಿಡಿದರೆ ಕೈ ಕಲ್ಲಿನ ಹಾಗೆ ನಿಲ್ಲೋದು. ಹತ್ತಿ ಬಟ್ಟೆ ಸುತ್ತಿಕೊಂಡು ಅಳೆದಳು.

ಮುಂದಿನ ವರ್ಷ ಗಾಳಿ ತಿರುಗಿತು. ಹಾಲೆಂಡಿನವರು ಮಾಡಿ ನೋಡಿದರು, ಬರಲಿಲ್ಲ. ಅಮೆರಿಕದವರು ಮಾಡಿದರು, ಬರಲಿಲ್ಲ. ಕಿವಿ ಊದಿತು, ಜೀವಕೋಶ ಏನನ್ನೂ ತಡೆಯಲಿಲ್ಲ. ಅವರ ಇಲಿಗಳು ಬೇರೆ ಬೇರೆ ಬೋನಿನಲ್ಲಿದ್ದವು ಅಂತ ಈಗ ನಿಮಗೂ ಹೊಳೆದಿರಬೇಕು. ಕಾಗದದ ಮೇಲೆ ಕಾಗದ ಬಂತು. ಕಾಲೇಜಿನವರು ವಿಚಾರಣೆಗೆ ಮೂವರನ್ನು ಕೂರಿಸಿದರು.

ವಿಚಾರಣೆಯ ಮುಂಚಿನ ದಿನ ಆಟವೇ ನಾನು ಬೋನು ತೊಳೆಯೋ ಕೋಣೆಗೆ ಬಂದ. ಆರು ವರ್ಷದಲ್ಲಿ ಅದೇ ಮೊದಲು. ನನ್ನನ್ನು ಹೆಸರು ಹಿಡಿದೂ ಕರೆಯದವನು, "ಮಿಸೆಸ್ ಬ್ರೆಂಟ್" ಅಂದ. ಹೊಳೆಯೋ ಶೂ ನೆನೆಯದ ಹಾಗೆ ಒಣಗಿದ ಜಾಗ ಹುಡುಕಿ ನಿಂತ.

"ಆ ಬಟ್ಟೆ ಯಾವತ್ತಾದ್ರೂ ಒಂದ್ಸಲ ಜಾರಿರುತ್ತೆ. ಸಹಜ. ಯಾರೂ ನಿಮ್ಮನ್ನ ತಪ್ಪು ಅನ್ನಲ್ಲ."

"ಜಾರಿಲ್ಲ ಸರ್."

"ಸಾವಿರಾರು ಇಲಿ, ಮಿಸೆಸ್ ಬ್ರೆಂಟ್. ಪ್ರಮಾಣ ಮಾಡ್ತೀರಾ?" ನಾನು ಬೋನು ಉಜ್ಜುತ್ತಲೇ ಇದ್ದೆ. "ಈ ಮಹಡಿ ಮುಚ್ಚಿದ್ರೆ ಎಷ್ಟು ಜನ ಮನೆಗೆ ಹೋಗ್ತಾರೆ ಗೊತ್ತಲ್ಲ. ಎನಿಡ್ ಕೈ ನೀವೇ ನೋಡ್ತಿದೀರಿ, ಅವರು ಹೇಗೂ ಹೆಚ್ಚು ದಿನ ಇರಲ್ಲ. ಆ ಕುರ್ಚಿಗೆ ಕೆಲಸ ಬಲ್ಲವರೇ ಬೇಕು. ನಿಮ್ಮ ಯಜಮಾನ್ರಿಗೆ ಹಡಗುಕಟ್ಟೆ ಕೆಲಸ ಹೋಯ್ತಂತಲ್ಲ?"

ಅವನು ನೇರವಾಗಿ ಏನೂ ಕೇಳಲಿಲ್ಲ, ನೋಡಿ. ಓದಿದವರ ಬುದ್ಧಿ ಅದು. ಕೊಳಕು ನೀರೆಲ್ಲ ನನ್ನ ಕಡೆಗೇ ಹರಿಯೋ ಹಾಗೆ ಇಳಿಜಾರು ಮಾಡಿಟ್ಟು ಹೋದ.

ಮಾರನೇ ದಿನ ಮೊದಲು ಎನಿಡ್ ಒಳಗೆ ಹೋದಳು. ಹೊರಗೆ ಬಂದಾಗ ಮುಖದಲ್ಲಿ ಕಳೆ ಇತ್ತು. "ಎಲ್ಲ ಹೇಳ್ದೆ ಕಣೇ. ನೆಕ್ಕಿದ್ದು, ಆರು ಇಲಿ, ಎಲ್ಲ. ನಿನ್ನ ಕೈ ಕೆಟ್ಟಿತ್ತಲ್ಲ ಅಂದ್ರು. ಕೈ ನಡುಗಿದ್ರೆ ಎಲ್ಲಾ ಕಿವಿಗೂ ನಡುಗಬೇಕಲ್ಲ, ಒಂದು ಗುಂಪಿಗೆ ಮಾತ್ರ ಯಾಕೆ, ಯಾವುದು ಯಾವ ಗುಂಪು ಅಂತ ನಂಗೆ ಗೊತ್ತೇ ಇರಲಿಲ್ಲ ಅಂದೆ. ಅವರಿಗೆ ಹೌದು ಅನ್ನಿಸ್ತು. ಇನ್ನು ನೀನು ಬಟ್ಟೆ ವಿಷಯ ಹೇಳಿಬಿಟ್ರೆ ಮುಗೀತು." ನನ್ನ ಭುಜ ತಟ್ಟಿದಳು, ಆ ಸುತ್ತಿದ ಕೈಯಲ್ಲಿ.

ಒಳಗೆ ಉದ್ದದ ಮೇಜು, ಮೂವರು ಗಂಡಸರು, ಚಹಾ ಬಟ್ಟಲು. ಮೂಲೆಯಲ್ಲಿ ಪ್ರೊಫೆಸರ್ ಮತ್ತು ಆಟವೇ. ನಡುವೆ ಕೂತ ಬೋಳುತಲೆಯವರು ಒಳ್ಳೆಯವರ ಹಾಗೆ ಕಂಡರು.

"ಮಿಸೆಸ್ ಬ್ರೆಂಟ್, ಎಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ಅಳೆಯುವಾಗ ಮಿಸ್ ಹಾಕೆಟ್‌ಗೆ ಬಾಲದ ಗುರುತು ಕಾಣುತ್ತಿತ್ತೇ? ಬಟ್ಟೆ ಜಾರಿದ್ದುಂಟೇ?"

ಇಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ನಾಲಿಗೆ ತುದಿಯಲ್ಲೇ ಇತ್ತು. ಮನೆಯಲ್ಲಿ ನನ್ನ ಗಂಡ ರೆಜ್ ಹಗಲಿಡೀ ಕಿಟಕಿ ಪಕ್ಕ ಕೂತಿರೋದು ಕಣ್ಣಿಗೆ ಬಂತು. ಆ ಕುರ್ಚಿಯೂ ಕಣ್ಣಿಗೆ ಬಂತು, ಸುಳ್ಳೇಕೆ ಹೇಳಲಿ, ರೆಜ್‌ಗಿಂತ ಮೊದಲೇ ಬಂತು. ಬೋನು ತೊಳೆದು ತೊಳೆದು ನನ್ನ ಸೊಂಟ ಮುರಿದಿತ್ತು.

"ಯಾವಾಗಲಾದರೂ ಜಾರಿರಬಹುದು, ಸರ್."

ಬೋಳುತಲೆಯವರು ಪೆನ್ನು ತೆಗೆದು ಬರೆದುಕೊಂಡರು. ಅಷ್ಟೇ. ಯಾರೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಆರು ಇಲಿಯ ಮಾತು ಎಲ್ಲಿ ಹೋಯಿತೋ. ಗುರುತು ಕಂಡಿದೆ ಅಂದಮೇಲೆ ಅವಳು ಪ್ರೊಫೆಸರಿಗೆ ಬೇಕಾದ ಹಾಗೆ ಸಂಖ್ಯೆ ಕೊಟ್ಟಿದ್ದಾಳೆ. ಈಗ ಸಿಕ್ಕಿಬೀಳೋ ಹೊತ್ತಿಗೆ ನೆಕ್ಕಿದ ಕತೆ ಕಟ್ಟಿದ್ದಾಳೆ. ಹಾಗಂತ ತಾವು ತಾವೇ ತೀರ್ಮಾನಕ್ಕೆ ಬಂದರು. ಅಳೆದವರಿಗೆ ಗುಂಪಿನ ಗುರುತು ತಿಳಿದಿದ್ದ ಸಂಭವವಿರುವುದರಿಂದ ಫಲಿತಾಂಶ ಹಿಂತೆಗೆದುಕೊಂಡಿದ್ದೇವೆ ಅಂತ ವಿಜ್ಞಾನದ ಪತ್ರಿಕೆಯಲ್ಲಿ ನಾಲ್ಕು ಸಾಲು ಅಚ್ಚಾಯಿತು. ಕೋತಿ ತಾನು ಮೊಸರು ತಿಂದು ಮೇಕೆ ಮೂತಿಗೆ ಒರೆಸಿತು. ಒರೆಸೋಕೆ ಬಟ್ಟೆ ಕೊಟ್ಟವಳು ನಾನು. ಆಟವೇಗೆ ಉತ್ತರದ ಕಡೆ ಇನ್ನೂ ದೊಡ್ಡ ಕೆಲಸ ಸಿಕ್ಕಿತು. ಎನಿಡ್‌ಳನ್ನು ಕೆಲಸದಿಂದ ತೆಗೆಯಲಿಲ್ಲ, ಅಷ್ಟು ಕ್ರೂರಿಗಳಲ್ಲ ಅವರು. ಚರ್ಮರೋಗದ ಕಾರಣ ಕೆಲಸಕ್ಕೆ ಅನರ್ಹಳು ಅಂತ ಮನೆಗೆ ಕಳಿಸಿದರು. ಕೇಕು ತರಿಸಿದ್ದರು. ಅವಳು ಕೇಕಿನ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಗೇಜನ್ನು ಎಣ್ಣೆ ಹಾಕಿ ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೊರಟುಹೋದಳು.

ನನಗೆ ಕುರ್ಚಿ ಸಿಕ್ಕಿತು. ಬಟ್ಟೆ ಸುತ್ತಿ ಹಿಡಿಯೋಕೆ ಹೊಸ ಹೆಂಗಸು ಬಂದಳು. ನನ್ನ ಅಳತೆ ಎನಿಡ್ ಅಳತೆಯ ಹತ್ತಿರವೂ ಬರಲ್ಲ, ಎರಡೆರಡು ಸಲ ಅಳೆಯೋ ಪದ್ಧತಿ ಶುರುವಾಯಿತು.

ಐದು ವರ್ಷ ಆದ ಮೇಲೆ ಚಹಾ ಕೋಣೆಯಲ್ಲಿ ಅಂಥದೇ ಒಂದು ಪತ್ರಿಕೆ ಬಿದ್ದಿತ್ತು. ಒಂದು ಲೇಖನದ ಮೇಲೆ ಆಟವೇ ಹೆಸರು. ಒಂದೇ ಬೋನಿನ ಇಲಿಗಳು ಒಂದನ್ನೊಂದು ನೆಕ್ಕೋದರಿಂದ ಮದ್ದು ಬಾಯಿಯ ಮೂಲಕ ಹೋಗಿ ಮೈ ಸುಮ್ಮನಾಗುತ್ತದೆ, ಹಿಂದಿನ ಎಷ್ಟೋ ಪ್ರಯೋಗಗಳು ಇದರಿಂದ ದಾರಿ ತಪ್ಪಿರಬಹುದು, ಇದನ್ನು ತಾವು ಮೊದಲ ಬಾರಿಗೆ ತೋರಿಸುತ್ತಿರುವುದಾಗಿ ಬರೆದಿದ್ದ. ಎನಿಡ್ ಹೆಸರು ಎಲ್ಲೂ ಇಲ್ಲ, ಸಿಟ್ಟು ಬಂತು. ಅದರ ಜೊತೆಗೆ, ನಾಚಿಕೆಗೇಡು, ಸಂತೋಷವೂ ಆಯಿತು. ಎನಿಡ್ ಗೆದ್ದಳು, ಇನ್ನು ನನ್ನ ಪಾಪವೂ ತೊಳೆದುಹೋಯಿತು ಅಂದುಕೊಂಡೆ! ಆ ಪುಟ ಹರಿದುಕೊಂಡು ಭಾನುವಾರ ರೈಲು ಹತ್ತಿ ಸೌತೆಂಡ್‌ಗೆ ಹೋದೆ.

ಅವಳ ಅಕ್ಕನ ಮನೆ ಸಮುದ್ರದಿಂದ ಎರಡು ಬೀದಿ ಈಚೆ. ಎನಿಡ್ ಆಲೂಗಡ್ಡೆ ಸುಲಿಯೋ ಚಾಕು ಹಿಡಿದೇ ಬಾಗಿಲಿಗೆ ಬಂದಳು. ಕೈ ಪೂರ್ತಿ ಗುಣವಾಗಿತ್ತು. ಕೂದಲು ಬೆಳ್ಳಗಾಗಿತ್ತು. ಒಳಗೆ ಬಾ ಅನ್ನಲಿಲ್ಲ. ಪುಟ ಕೊಟ್ಟೆ. ನಿಂತಲ್ಲೇ ಮೇಲಿಂದ ಕೆಳಗಿನವರೆಗೆ ಓದಿದಳು, ಸಂಖ್ಯೆ ಇರೋ ಕಡೆ ಎರಡು ಸಲ ಓದಿದಳು.

"ಅಳತೆ ಒರಟಾಗಿದೆ" ಅಂದಳು. "ಆದ್ರೆ ವಿಷಯ ಸರಿ."

"ನೀ ಹೇಳಿದ್ದೇ ನಿಜ ಆಯ್ತಲ್ಲೇ ಎನಿಡ್! ನೋಡು, ಅಚ್ಚಾಗಿದೆ!"

"ಇಲಿ ನೆಕ್ಕಿದ್ದು ನಿಜ ಆಯ್ತು." ಪುಟದ ಹಿಂದೆ ತಿರುಗಿಸಿ ನೋಡಿದಳು. "ಬಟ್ಟೆ ವಿಷಯ ಎಲ್ಲಿ ಬರ್ದಿದೆ?"



"ನಾನು ಬಾಲ ಕದ್ದು ನೋಡಿ ಸುಳ್ಳು ಸಂಖ್ಯೆ ಕೊಟ್ಟೆ ಅಂತ ಅಲ್ಲಿ ಇನ್ನೂ ಬರೆದಿಟ್ಟಿದಾರೆ. ಅದನ್ನ ಆಟವೇ ಅಳಿಸೋಕಾಗಲ್ಲ, ಅಳೆಯೋವಾಗ ಅವನು ಕೋಣೆಲಿ ಇರ್ತಾನೇ ಇರಲಿಲ್ಲ. ನಾನು ಹೇಳಿದ್ರೆ ಯಾರೂ ನಂಬಲ್ಲ. ಇದ್ದವಳು ನೀನೊಬ್ಬಳೇ ಐವಿ."

"ನಾನು... ಕಾಲೇಜಿನ ಡೀನ್‌ಗೆ ಕಾಗದ ಬರೀತೀನಿ ಎನಿಡ್. ನಾಳೆನೇ ಬರೀತೀನಿ."

"ಅಳೆಯೋ ಕೆಲಸ ಈಗ ನಿಂದೇ ಅಲ್ವಾ?"

"ಹೂಂ."

ಅವಳು ಪುಟವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ವಾಪಸ್ ಕೊಟ್ಟಳು. "ನಾಲ್ಕೂ ಹತ್ತಕ್ಕೆ ಒಂದು ರೈಲಿದೆ. ಬೇಗ ಹೋದ್ರೆ ಸಿಗುತ್ತೆ." ಬಾಗಿಲು ಹಾಕಿಕೊಂಡಳು.

ರೈಲು ಸಿಕ್ಕಿತು. ಸೋಮವಾರ ಬೆಳಿಗ್ಗೆ ಡೀನ್‌ಗೆ ಎರಡು ಸಾಲು ಬರೆದು, ಹರಿದು, ಅವಳ ಕುರ್ಚಿಯಲ್ಲಿ ಕೂತು ಎಂಬತ್ತು ಇಲಿಗಳನ್ನು ಅಳೆದೆ.